ಕಪ್ಪು ಪರದೆಗಳನ್ನು ಎಣಿಸಿ ಹೋದವರಿಗೆ

ಇಂಧನ ಉಳಿತಾಯ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನಮ್ಮ ಸರ್ಕಾರಿ ಆಸ್ಪತ್ರೆಯ ಲಸಿಕೆ ಉಗ್ರಾಣದಲ್ಲಿ ಶೀತಲ ಕೋಣೆಯನ್ನು ಕಾಯುತ್ತಿದ್ದ ಕಂಪ್ಯೂಟರನ್ನು ತಮ್ಮ ಸುತ್ತೋಲೆ ಮಲಗಿಸಿತು. ಅದು ಮಲಗಿದ್ದಾಗ ಕೋಣೆ ಬಿಸಿಯಾಗಿ ಲಸಿಕೆಗಳು ಕೆಟ್ಟವು. ಅದಕ್ಕಾಗಿ ಅಮಾನತಾಗಿ ಮನೆಯಲ್ಲಿ ಕುಳಿತಿರುವವಳು ಉಗ್ರಾಣದ ಮೇಲ್ವಿಚಾರಕಿ, ನನ್ನ ಅಕ್ಕ. ಅದೇ ವಾರ ತಮ್ಮ ವಿಭಾಗಕ್ಕೆ ಉತ್ತಮ ಉಳಿತಾಯದ ಫಲಕ ಸಿಕ್ಕಿದ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿದೆ. ಫೋಟೋ ಚೆನ್ನಾಗಿ ಬಂದಿದೆ.

ನಾನು ಉಳಿತಾಯದ ವಿರೋಧಿ ಎಂದು ತಾವು ಭಾವಿಸಬಾರದು. ಮೀಟರ್ ರೀಡರ್ ಆಗಿದ್ದು, ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ಪಡೆದವನು ನಾನು. ಪರರ ಮನೆಯ ಮೆಟ್ಟಿಲ ಕೆಳಗೆ ಬಗ್ಗಿ ಮೀಟರ್ ಓದಿ ಓದಿ, ಕರೆಂಟು ಎಲ್ಲಿ ಸೋರುತ್ತದೆ ಎಂಬುದು ಕಣ್ಣಿಗೆ ಹತ್ತಿಬಿಟ್ಟಿದೆ. ಮನೆಯ ಮಕ್ಕಳಿಗೆ ನಾನು ‘ಯೂನಿಟ್ ಮಾವ’. ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನನಗೆ ಊಟ ಸೇರದು. ಒಮ್ಮೆ ಹೀಗೇ ಬಚ್ಚಲುಮನೆಯ ದೀಪ ಆರಿಸಿದಾಗ ಒಳಗಿನಿಂದ ಹೆಂಡತಿಯ ಧ್ವನಿ ಬಂತು: “ಒಳಗೆ ಯಾರಾದ್ರೂ ಇದಾರಾ ಅಂತ ಒಂದು ಮಾತು ಕೇಳಿ, ಆಮೇಲೆ ಆರಿಸ್ರೀ.” ಅಂದಿನಿಂದ ಕೇಳಿಯೇ ಆರಿಸುತ್ತೇನೆ. ತಮ್ಮ ಕಚೇರಿಯಲ್ಲಿ ಹೀಗೆ ಗದರಿಸುವವರು ಯಾರೂ ಇಲ್ಲವೆಂದು ಕಾಣುತ್ತದೆ.

ತಮ್ಮ ಆದೇಶ ಸರಳವಾಗಿದೆ. ಯಾರೂ ಮುಟ್ಟದ ಕಂಪ್ಯೂಟರು ಕೆಲವು ನಿಮಿಷಗಳಲ್ಲಿ ಸ್ಲೀಪ್‌ಗೆ ಹೋಗಬೇಕು. ಇನ್ನೂ ಮುಟ್ಟದಿದ್ದರೆ ಹೈಬರ್ನೇಟ್ ಆಗಬೇಕು, ಅಂದರೆ ತೆರೆದಿಟ್ಟದ್ದನ್ನೆಲ್ಲ ಒಳಗೆ ಬರೆದಿಟ್ಟುಕೊಂಡು ಪೂರ್ತಿ ಆರಿಹೋಗಬೇಕು. ಗುಮಾಸ್ತರು ಊಟಕ್ಕೆ ಎದ್ದುಹೋದ ಮೇಜಿಗೆ ಇದಕ್ಕಿಂತ ಒಳ್ಳೆಯ ನಿಯಮವಿಲ್ಲ. ಆದರೆ ಯಾರೂ ಮುಟ್ಟದಿದ್ದರೆ ಕೆಲಸವಿಲ್ಲ ಎಂದು ತಮಗೆ ಹೇಳಿದವರು ಯಾರು? ಉಗ್ರಾಣದ ಆ ಕಂಪ್ಯೂಟರನ್ನು ದಿನವಿಡೀ ಯಾರೂ ಮುಟ್ಟುವುದಿಲ್ಲ. ಶೀತಲ ಕೋಣೆಯ ಉಷ್ಣಾಂಶವನ್ನು ಬರೆದಿಡುವುದು, ಹೆಚ್ಚುಕಡಿಮೆಯಾದರೆ ಕೂಗಿಕೊಳ್ಳುವುದು, ಅಕ್ಕನ ಮೊಬೈಲಿಗೆ ಸಂದೇಶ ಕಳಿಸುವುದು, ಅದರ ಕೆಲಸ ಇಷ್ಟೇ. ಬಾಗಿಲಲ್ಲಿ ನಿಂತ ಕಾವಲುಗಾರ ಕೈಕಾಲು ಆಡಿಸುತ್ತಿಲ್ಲವೆಂದು ಅವನನ್ನು ಮನೆಗೆ ಕಳಿಸುತ್ತೀರಾ?

ಸುತ್ತೋಲೆ ಬಂದ ದಿನವೇ ಅಕ್ಕ ತಂತ್ರಜ್ಞನನ್ನು ಕರೆದು ಕೇಳಿದಳು. “ಮೇಡಂ, ಇದು ಮೇಲಿಂದ ಲಾಕ್ ಆಗಿದೆ. ನಾನು ಬದಲಾಯಿಸಿದ್ರೆ ನಾಳೆ ಬೆಳಿಗ್ಗೆ ತಾನಾಗೇ ಹಳೇ ಥರ ಆಗುತ್ತೆ,” ಎಂದನಂತೆ. ವಿನಾಯಿತಿ ಕೋರಿ ಅವಳು ತಮ್ಮ ವಿಭಾಗಕ್ಕೆ ಬರೆದಳು. ಎಲ್ಲರಿಗೂ ಒಂದೇ ನಿಯಮ, ಪ್ರತ್ಯೇಕ ಪರಿಗಣನೆಗೆ ಅವಕಾಶವಿಲ್ಲ ಎಂಬ ಉತ್ತರ ಬಂತು. ಸಮಾನತೆಯ ಬಗ್ಗೆ ತಮಗಿರುವ ಶ್ರದ್ಧೆ ದೊಡ್ಡದು.

ಆಗ ಕೈ ಹಿಡಿದವಳು ಬಿಲ್ ಕೌಂಟರಿನ ಗೆಳತಿ. ಅಲ್ಲಿಯೂ ಇದೇ ಪಾಡು; ರೋಗಿಯ ಕಡೆಯವರು ಚಿಲ್ಲರೆ ಹುಡುಕುವಷ್ಟರಲ್ಲಿ ಯಂತ್ರ ಮಲಗುತ್ತಿತ್ತು. ಅವಳು ಕಂಡುಕೊಂಡಿದ್ದ ಉಪಾಯವೆಂದರೆ, ಗೋಡೆ ಗಡಿಯಾರವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಅದರ ಮುಖದ ಮೇಲೆ ಮೌಸ್ ಇಡುವುದು. ಕೆಳಗೆ ಸೆಕೆಂಡಿನ ಮುಳ್ಳು ಹಾದುಹೋದಾಗಲೆಲ್ಲ ಯಾರೋ ಕೈಯಾಡಿಸಿದರೆಂದು ಕಂಪ್ಯೂಟರು ತಿಳಿಯುತ್ತದೆ. ಅಕ್ಕನೂ ನಮ್ಮ ನಡುಮನೆಯ ಗೋಡೆಯಲ್ಲಿದ್ದ ಗಡಿಯಾರವನ್ನು ಕಿತ್ತು ಒಯ್ದಳು. ಲಕ್ಷಾಂತರ ಮಕ್ಕಳ ಲಸಿಕೆ ಕಾಯುವ ವ್ಯವಸ್ಥೆ ಒಂದು ಪೆನ್ಸಿಲ್ ಸೆಲ್ಲಿನ ಮೇಲೆ ನಿಂತಿತ್ತು. ನಿಂತಿತ್ತಲ್ಲ, ಅದೇ ದೊಡ್ಡದು.

ಅದಾದ ಮೇಲೆ ತಮ್ಮ ತಪಾಸಣಾ ತಂಡ ಬಂತು. ಪ್ರತಿ ಕೋಣೆಗೂ ಹೋಗಿ ಪರದೆ ಕಪ್ಪಗಿದೆಯೇ ಎಂದು ನೋಡುವುದು, ಕಪ್ಪಗಿದ್ದರೆ ‘ಭೇಷ್’ ಎನ್ನುವುದು, ಇದು ಅವರ ಪರೀಕ್ಷೆ. ಉಗ್ರಾಣದಲ್ಲಿ ಬೆಳಗುತ್ತಿದ್ದ ಪರದೆಯನ್ನೂ ಅದರ ಮುಂದಿನ ಗಡಿಯಾರವನ್ನೂ ಕಂಡು ತಂಡದ ಹಿರಿಯರು ಕೇಳಿದರಂತೆ, “ಏನಮ್ಮಾ, ನಿಮ್ಮ ಮೌಸ್ ಟೈಮ್ ನೋಡೋದು ಕಲೀತಿದೆಯಾ?” ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. “ಸಾರ್, ಇದು ಮಲಗಿದ್ರೆ ಕೋಣೆ ಕಾಯೋರು ಯಾರೂ ಇಲ್ಲ,” ಎಂದಳು. “ನೀವಿದೀರಲ್ಲಮ್ಮಾ, ಸಂಬಳ ಯಾಕೆ ಕೊಡ್ತಾರೆ?” ಗಡಿಯಾರವನ್ನು ತೆಗೆಸಿದರು. ನಿಯಮಕ್ಕೆ ಮೋಸ ಮಾಡಿದ್ದಕ್ಕೆ ಎಚ್ಚರಿಕೆಯನ್ನೂ ಕೊಟ್ಟರು. ಇನ್ನೊಂದು ಸಲ ಸಿಕ್ಕಿಬಿದ್ದರೆ ಬಡ್ತಿ ಹೋಗುತ್ತದೆ ಎಂದು ಹೆದರಿ ಅವಳು ಸುಮ್ಮನಾದಳು. ಕೆಲಸದ ದಿನಗಳಲ್ಲಿ ಆಗಾಗ ಎದ್ದುಹೋಗಿ ಮೌಸ್ ಅಲ್ಲಾಡಿಸಿ ಬರುತ್ತಿದ್ದಳು. ರಾತ್ರಿ ಹೊತ್ತು, ರಜೆಯ ದಿನ ಏನು ಮಾಡುವುದು?

ಅಂಥ ಒಂದು ಭಾನುವಾರ ಶೀತಲ ಕೋಣೆಯ ಕಂಪ್ರೆಸರ್ ಕೆಟ್ಟಿತು. ಅಕ್ಕನಿಗೆ ಸಂದೇಶ ಬರಲಿಲ್ಲ. ಬರದಿದ್ದರೆ ಎಲ್ಲ ಸರಿಯಿದೆ ಎಂದೇ ಇಷ್ಟು ವರ್ಷ ಅರ್ಥ. ಆದರೂ ಮನಸ್ಸು ತಡೆಯದೆ ಉಗ್ರಾಣದ ಕಾವಲುಗಾರನಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

“ಕಂಪ್ಯೂಟರ್ ಏನಾದ್ರೂ ಕೂಗ್ತಿದೆಯೇನಪ್ಪಾ?”

“ಇಲ್ಲ ಮೇಡಂ, ಗಪ್‌ಚಿಪ್.”

“ಪರದೆ?”

“ಕಿಟಕಿಯಿಂದ ಕಾಣ್ತಿದೆ. ಕಪ್ಪಗಿದೆ. ಆ ಸಾಹೇಬ್ರು ಹೇಳಿದ ಹಾಗೇ ಇದೆ, ನೀವು ಚಿಂತೆ ಬಿಡಿ.”

ಈ ಕಾವಲುಗಾರನನ್ನು ನಾನು ದೂರಲಾರೆ. ಮೊದಲೆಲ್ಲ ಆ ಪರದೆ ಕಪ್ಪಾದರೆ ಓಡಿಬಂದು ಹೇಳುತ್ತಿದ್ದವನು ಅವನೇ. ಕಪ್ಪು ಪರದೆ ಎಂದರೆ ತೊಂದರೆ ಎಂದು ಅವನಿಗೆ ಗೊತ್ತಿತ್ತು. ತಮ್ಮ ತಂಡ ಬಂದು ಬೆನ್ನು ತಟ್ಟಿ, ಕಪ್ಪು ಪರದೆ ಎಂದರೆ ಶಿಸ್ತು ಎಂದು ಕಲಿಸಿಹೋಯಿತು. ಬರೀ ಪರದೆ ಆರಿರುವುದು, ಯಂತ್ರ ಮಲಗಿರುವುದು, ಪೂರ್ತಿ ಆರಿಹೋಗಿರುವುದು, ಮೂರೂ ಹೊರಗಿನಿಂದ ಒಂದೇ ಕಪ್ಪು. ತಮ್ಮ ತಂಡಕ್ಕೇ ತಿಳಿಯದ ವ್ಯತ್ಯಾಸವನ್ನು ಕಿಟಕಿಯಾಚೆಯಿಂದ ಅವನು ಹೇಗೆ ತಿಳಿಯಬೇಕಿತ್ತು?

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ತಣ್ಣನೆ ಗಾಳಿ ಮುಖಕ್ಕೆ ಬರಲಿಲ್ಲ. ಕೆಟ್ಟ ದಾಸ್ತಾನನ್ನೆಲ್ಲ ನಾಶಮಾಡಿದರು. ಅಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕಂಪ್ರೆಸರ್ ಒಮ್ಮೆಲೇ ನಿಂತದ್ದಲ್ಲ, ಮೊದಲೇ ಕುಂಟುತ್ತಿದ್ದಿರಬಹುದು ಎಂದು ರಿಪೇರಿಯವರು ಹೇಳಿದರು. ಎಂದಿನಿಂದ? ಶುಕ್ರವಾರ ರಾತ್ರಿಯೇ ಬಿಸಿಯೇರಿ, ಬೆಳಗಾಗುವಷ್ಟರಲ್ಲಿ ಮತ್ತೆ ತಣಿದಿತ್ತೇ? ಏರಿದ್ದರೆ, ಶನಿವಾರ ಬೆಳಿಗ್ಗೆ ಉಗ್ರಾಣದಿಂದ ಹೊರಟು ಮಕ್ಕಳ ತೋಳಿಗೆ ಸೇರಿದ ಲಸಿಕೆಯ ಗತಿಯೇನು? ಇದಕ್ಕೆ ಉತ್ತರ ಹೇಳಬೇಕಾದದ್ದು ಉಷ್ಣಾಂಶದ ದಾಖಲೆ. ಕಂಪ್ಯೂಟರು ಆರಿದ್ದಷ್ಟು ಹೊತ್ತು ಅದರಲ್ಲಿ ಗೆರೆಯೇ ಇಲ್ಲ. ಏರಿದ ಗೆರೆಯೂ ಇಲ್ಲ, ಇಳಿದ ಗೆರೆಯೂ ಇಲ್ಲ.

ಆ ಶನಿವಾರ ಲಸಿಕೆ ಹಾಕಿಸಿಕೊಂಡವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಸುದ್ದಿ ತಿಳಿದ ಸಂಜೆ ನನ್ನ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಅಕ್ಕನೆದುರು ನಿಂತಳು.

“ಅತ್ತೇ, ಇವಳಿಗೆ ಹಾಕಿದ್ದು ಸರಿಯಿತ್ತಾ?”

“ಗೊತ್ತಿಲ್ಲ ಕಣೇ.”

“ನಿಮಗೇ ಗೊತ್ತಿಲ್ಲ ಅಂದ್ರೆ ಹೇಗತ್ತೇ?”

ಅಕ್ಕ ಕೂಸಿನ ಪಾದ ಹಿಡಿದುಕೊಂಡು ಕುಳಿತಳು. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಈಗ ಉಣ್ಣುತ್ತಿದ್ದವಳು ನಡುವೆಯೇ ಎದ್ದುಹೋಗಿ ಮನೆಯ ಫ್ರಿಜ್ಜಿನೊಳಗೆ ಕೈಯಿಟ್ಟು ನೋಡಿ ಬರುತ್ತಾಳೆ. ಒಳಗಿರುವುದು ಹಾಲು, ತರಕಾರಿ. ಬೇಡವೆಂದರೆ, “ಸುಮ್ನೆ ನೋಡ್ದೆ ಕಣೋ,” ಎನ್ನುತ್ತಾಳೆ.

ಸಂಶಯವಿರುವ ಮಕ್ಕಳಿಗೆಲ್ಲ ಮತ್ತೊಮ್ಮೆ ಲಸಿಕೆ ಹಾಕಬೇಕೆಂದು ವೈದ್ಯರು ತೀರ್ಮಾನಿಸಿದ್ದಾರೆ. ತಾಯಂದಿರಿಗೆಂದು ಆಸ್ಪತ್ರೆಯ ಗೋಡೆಗೆ ಅಂಟಿಸಿದ ಪ್ರಕಟಣೆಯಲ್ಲಿ ಕಾರಣವನ್ನೂ ಕೊಟ್ಟಿದ್ದಾರೆ: ‘ಉಗ್ರಾಣ ಸಿಬ್ಬಂದಿಯ ನಿರ್ಲಕ್ಷ್ಯ’. ನಿರ್ಲಕ್ಷ್ಯ! ನಡುಮನೆಯ ಗೋಡೆಯಿಂದ ಗಡಿಯಾರ ಕಿತ್ತೊಯ್ದು ಆ ಯಂತ್ರವನ್ನು ಎಚ್ಚರವಿಟ್ಟವಳ ಬಗ್ಗೆ ಬರೆದ ಪದ ಇದು. ಗಡಿಯಾರವನ್ನು ತೆಗೆಸಿದವರ ಬಗ್ಗೆ ಯಾವ ಪದ ಬಳಸಿದ್ದಾರೆ ಎಂದು ಹುಡುಕಿದೆ. ಫಲಕದಲ್ಲಿ ಸಿಕ್ಕಿತು: ‘ದಕ್ಷತೆ’.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಮನುಷ್ಯರು ಕೂರುವ ಕಂಪ್ಯೂಟರುಗಳು ಧಾರಾಳವಾಗಿ ಮಲಗಲಿ. ಏನನ್ನಾದರೂ ಕಾಯುತ್ತಿರುವ ಪ್ರತಿಯೊಂದು ಯಂತ್ರವನ್ನೂ ಈ ವಾರವೇ ಆದೇಶದಿಂದ ಬಿಡಿಸಿ. ಅಕ್ಕನ ಅಮಾನತನ್ನು ರದ್ದುಮಾಡಿಸಿ. ಪ್ರಕಟಣೆಯ ಆ ಸಾಲನ್ನು ಹೊಡೆದುಹಾಕಿಸಿ, ತಮ್ಮ ಆದೇಶದಿಂದ ಹೀಗಾಯಿತು ಎಂದು ಬರೆಸಿ, ಕೆಳಗೆ ತಾವೇ ಸಹಿ ಮಾಡಿ. ಲಸಿಕೆ ಮತ್ತೆ ಹಾಕುವ ದಿನ ಆಸ್ಪತ್ರೆಯ ಸಾಲಿನಲ್ಲಿ ನನ್ನ ಮಗಳೂ ನಿಂತಿರುತ್ತಾಳೆ. ತಾವು ಬನ್ನಿ. ಮೊದಲ ಸಲ ಹಾಕಿದ್ದು ಸರಿಯಿತ್ತಾ ಎಂದು ಅವಳು ತಮ್ಮನ್ನೂ ಕೇಳುತ್ತಾಳೆ. ‘ಗೊತ್ತಿಲ್ಲ’ ಎಂಬ ಮಾತನ್ನು ನನ್ನ ಅಕ್ಕ ಒಬ್ಬಳೇ ಹೇಳಿ ಸಾಕಾಗಿದೆ. ಇನ್ನು ಮುಂದೆ ಆ ಮಾತನ್ನು ತಾವು ಹೇಳಿ.

ಇಂತಿ,
ಒಳಗೆ ಯಾರಿದ್ದಾರೆಂದು ಕೇಳಿಯೇ ದೀಪ ಆರಿಸುವ,
ಒಬ್ಬ ನಿವೃತ್ತ ಮೀಟರ್ ರೀಡರ್