ಎಪ್ಪತ್ತೊಂದು ಬಂದ ದಿನ

ಸೀಡರ್ ರ್ಯಾಪಿಡ್ಸ್, ಐಯೋವಾ
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಮಗಳು ಬ್ರೆನ್ನಾಳಿಗೆ,

ಹೇಗಿದ್ದೀಯ ಮರಿ? ಹಿಮ್ಮಡಿಯ ಬೊಬ್ಬೆ ಒಣಗಿತೇ? ಬೂಟು ಕಚ್ಚುತ್ತಿದೆ ಎಂದು ಬರೆದಿದ್ದೆ. ಕಾಲುಚೀಲವನ್ನು ಒಳಹೊರಗು ಮಾಡಿ ಹಾಕಿಕೋ, ಹೊಲಿಗೆ ಹೊರಗಡೆ ಬರಲಿ. ನಿನ್ನಜ್ಜ ಸೈನ್ಯದಲ್ಲಿದ್ದಾಗ ಮಾಡುತ್ತಿದ್ದ ಉಪಾಯ ಅದು. ಊಟಕ್ಕೆ ಕೂತರೆ ಅಕ್ಕಪಕ್ಕ ನೋಡುವ ಹಾಗಿಲ್ಲ, ನುಂಗಿ ಎದ್ದು ಹೋಗಬೇಕು ಎಂದೂ ಬರೆದಿದ್ದೀಯ. ಜಾಮು ತುಂಬಿದ ಒಂದು ಕೊಲಾಚಿ ಬನ್ನು ತಿನ್ನಲು ಅರ್ಧ ಬೆಳಗು ತೆಗೆದುಕೊಳ್ಳುತ್ತಿದ್ದ ಹುಡುಗಿ ನೀನು, ನೌಕಾಪಡೆಯವರು ಒಂದೇ ತಿಂಗಳಲ್ಲಿ ನಿನ್ನನ್ನು ಬದಲಾಯಿಸಿಬಿಟ್ಟರಲ್ಲ, ನಿನ್ನಮ್ಮನಿಗೆ ಇಪ್ಪತ್ತು ವರ್ಷದಲ್ಲಿ ಆಗದ್ದು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಅದರ ಪಾಡಿಗೆ ಅದಿದೆ. ಶಾಲೆ ಶುರುವಾಗಿದೆ, ನಾನು ಓಡಿಸುವ ಬಸ್ಸಿನ ತುಂಬ ಹೊಸ ಮಕ್ಕಳು. ಮೊನ್ನೆ ಒಂದನೇ ತರಗತಿಯ ಒಂದು ಚೋಟು ಹತ್ತುವಾಗಲೇ ನಿಂತು, 'ಡೂಸೆಕ್ ತಾತ, ನಿಮ್ಮ ಮೂಗ್ಯಾಕೆ ಇಷ್ಟು ಕೆಂಪಗಿದೆ?' ಎಂದು ಕೇಳಿತು. ಚಳಿ ಕಣಮ್ಮ ಎಂದೆ. ಅದು ತನ್ನ ಬರಿ ತೋಳು ನೋಡಿಕೊಂಡು ಸುಮ್ಮನೆ ಹೋಗಿ ಕೂತಿತು.

ಸುದ್ದಿ ಏನೆಂದರೆ, ಈ ತಿಂಗಳ ಕೊನೆಗೆ ಅಮ್ಮನ ಕಂಪನಿಯ ಬಾಡಿಗೆ ಅಂಗಡಿ ಬಿಟ್ಟುಕೊಡುತ್ತಿದ್ದೇನೆ. ಮಾಲೀಕನಿಗೆ ಹೇಳಿ ಆಯಿತು. ಸರ್ಕಾರದ ಎರಡನೇ ಹಂತದ ಅನುದಾನ ಬರುವುದಿಲ್ಲ. ತಡವಾಗಿದೆ, ಎಲ್ಲೋ ಕಡತ ಸಿಕ್ಕಿಹಾಕಿಕೊಂಡಿದೆ ಎಂದೆಲ್ಲ ನಾನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಅದು ತಡವಾದದ್ದಲ್ಲ. ಅದು ಯಾವತ್ತೂ ಬರುವುದರಲ್ಲಿರಲಿಲ್ಲ.

ನಿನಗೆ ಗೊತ್ತಿರುವ ಕಥೆಯೇ, ಆದರೂ ಮೊದಲಿನಿಂದ ಹೇಳಿದರೆ ನನಗೆ ಸಮಾಧಾನ. ನಿನ್ನಮ್ಮ ಡಯಾಲಿಸಿಸ್ ದಾದಿಯಾಗಿದ್ದಾಗ ಅವಳ ರೋಗಿಯೊಬ್ಬ ಮನೆಯಲ್ಲೇ ಯಂತ್ರ ಹಾಕಿಕೊಂಡು ಮಲಗಿದ್ದ. ನಿದ್ದೆಯಲ್ಲಿ ತೋಳಿನ ಸೂಜಿ ಜಾರಿತು. ಹೆಂಡತಿ ಪಕ್ಕದಲ್ಲೇ ಮಲಗಿದ್ದಳು. ಬೆಳಗ್ಗೆ ಹಾಸಿಗೆ ಒದ್ದೆಯಾಗಿದೆಯಲ್ಲ ಎಂದುಕೊಂಡು ಎದ್ದಳಂತೆ. ನನ್ನ ರೋಂಡಾ ಅವತ್ತು ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ ಅಡುಗೆಮನೆಯಲ್ಲಿ ಕೂತು, 'ಹಾರ್ಲನ್, ಮಗು ಉಚ್ಚೆ ಹೊಯ್ದ್ರೆ ಕೂಗೋ ಚಡ್ಡಿ ಇದೆ, ಮನುಷ್ಯ ರಕ್ತ ಸುರಿದು ಸತ್ರೂ ಕೂಗೋದು ಒಂದೂ ಇಲ್ವಲ್ಲ' ಎಂದಳು. ಆ ಒಂದು ಮಾತಿನಿಂದ ಹುಟ್ಟಿದ್ದು ನಮ್ಮ ಅಲಾರಂ. ತೋಳಿಗೆ ಅಂಟಿಸುವ ಪಟ್ಟಿ, ಒಂದು ಹನಿ ಒದ್ದೆಯಾದರೆ ಸತ್ತವರೂ ಏಳುವ ಹಾಗೆ ಕಿರುಚುವ ಪೆಟ್ಟಿಗೆ. ಒಂದು ಸಲ ಕೊಲಾಚಿಯ ಜಾಮು ಬಿದ್ದು ಕಿರುಚಿದ್ದು, ನಾನು ಕಾಫಿ ಮೈಮೇಲೆ ಚೆಲ್ಲಿಕೊಂಡದ್ದು, ನೀವಿಬ್ಬರೂ ನೆಲದ ಮೇಲೆ ಉರುಳಾಡಿ ನಕ್ಕದ್ದು ನೆನಪಿದೆಯಾ?

ಚಿಕ್ಕ ಕಂಪನಿಗಳು ಇಂಥ ವೈದ್ಯಕೀಯ ಉಪಕರಣ ಕಂಡುಹಿಡಿಯಲಿ ಎಂದು ವಾಷಿಂಗ್ಟನ್ನಿನವರು ಕೊಡುವ ಸಂಶೋಧನಾ ಅನುದಾನದ ಹಿಂದೆ ಅವಳು ಬಿದ್ದಳು. ಮೊದಲ ಹಂತ, ಇದು ಆಗುವ ಕೆಲಸವೇ ಎಂದು ನೋಡುವುದಕ್ಕೆ. ಎರಡನೇ ಹಂತ, ಹಾಗಾದರೆ ಮಾಡಿ ತೋರಿಸು ಎನ್ನುವುದಕ್ಕೆ. ಎರಡರ ನಡುವಿನ ಬರಿಗೈ ಕಾಲಕ್ಕೆ ಈ ಕಸುಬಿನವರೆಲ್ಲ ಸಾವಿನ ಕಣಿವೆ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ, ಓದಿದವರಿಗೆ ಎಲ್ಲದಕ್ಕೂ ದೊಡ್ಡ ಹೆಸರು ಬೇಕಪ್ಪ ಎಂದು ನಾನು ಗೇಲಿ ಮಾಡಿದ್ದೆ. ಇನ್ನು ಅವರ ನಿಯಮ. ಸಂಶೋಧನೆಯ ಮುಖ್ಯಸ್ಥರಾದವರು ಆ ಚಿಕ್ಕ ಕಂಪನಿಯಲ್ಲೇ ಮುಖ್ಯವಾಗಿ ದುಡಿಯಬೇಕು, ಇನ್ನೊಂದು ಕಡೆ ಪೂರ್ತಿ ನೌಕರಿ ಇಟ್ಟುಕೊಳ್ಳುವ ಹಾಗಿಲ್ಲ. ನ್ಯಾಯವಾದದ್ದೇ ಇರಬಹುದು, ನನಗೆ ಗೊತ್ತಿಲ್ಲ. ರೋಂಡಾ ಆಸ್ಪತ್ರೆಯ ನೌಕರಿ ಬಿಟ್ಟಳು. ನೌಕರಿಯ ಜೊತೆ ಒಳ್ಳೆಯ ವಿಮೆಯೂ ಹೋಯಿತು. ನಾವು ಕೊಂಡ ಅಗ್ಗದ ವಿಮೆ ಹರಕು ಕೊಡೆ ಇದ್ದ ಹಾಗೆ, ಮಳೆ ಬರುವ ತನಕ ಚೆನ್ನಾಗಿತ್ತು. ಹೊಟ್ಟೆ ನೋಯುತ್ತಿದೆ, ಸ್ಕ್ಯಾನ್ ಮಾಡಿಸು ಎಂದರೆ, 'ಎರಡನೇ ಹಂತ ಬರ್ಲಿ ಬಿಡಿ, ಕಂಪನಿಗೇ ಒಳ್ಳೆ ವಿಮೆ ಮಾಡಿಸ್ತೀನಿ, ಆಮೇಲೆ ಹೊಟ್ಟೆನೂ ನೋಡಿಸ್ತೀನಿ, ತಲೆನೂ ನೋಡಿಸ್ತೀನಿ' ಎಂದು ನಗುತ್ತಿದ್ದಳು. ನೋಡಿಸುವ ಹೊತ್ತಿಗೆ ಕ್ಯಾನ್ಸರ್ ಪಿತ್ತಕೋಶ ದಾಟಿ ಎಲ್ಲ ಕಡೆ ಹರಡಿತ್ತು. ರೋಗಿಗಳಿಗೆ ಬುದ್ಧಿ ಹೇಳಿ ಹೇಳಿ ಮೂವತ್ತು ವರ್ಷ ಕಳೆದವಳು. ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ಮಾತಾಡಲು ಅವಳಿಲ್ಲ ಎಂದು ಇನ್ನೂ ಸಿಟ್ಟು ಬರುತ್ತದೆ.

ಈ ವರ್ಷದ ಮಾರ್ಚಿನ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಅವಳ ಮಂಚವನ್ನು ಕಿಟಕಿ ಪಕ್ಕ ತಂದಿದ್ದೆವು. ಮಾರ್ಫಿನ್ ಕೊಟ್ಟು ಕಣ್ಣು ಮಂಜಾಗಿ ಓದಲು ಆಗುತ್ತಿರಲಿಲ್ಲ, ಮಿಂಚಂಚೆಯನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. ನೀನು ಆಚೆ ಕುರ್ಚಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಎರಡನೇ ಹಂತದ ಅರ್ಜಿಗೆ ಪರೀಕ್ಷಕರ ಅಂಕ ಬಂದಿದೆ ಎಂದು ಓದಿದೆ, ಮಂಚದ ಮೇಲೆ ಅವಳ ಕೈ ನಿಂತುಬಿಟ್ಟಿತು. 'ಎಷ್ಟು?' ಎಂದಳು. ಎಪ್ಪತ್ತೊಂದು ಎಂದೆ. ನಾನು ಪೆದ್ದನ ಹಾಗೆ ಕೇಳಿದೆ, ಎಪ್ಪತ್ತೊಂದು ಒಳ್ಳೇದು ತಾನೇ? ನಾನು ಶಾಲೆಯಲ್ಲಿ ಕಂಡೇ ಇಲ್ಲ ಇಷ್ಟು. ನನ್ನ ಮುಖ ಆಗ ಹೇಗಿತ್ತೋ. ಅವಳು ನನ್ನನ್ನೇ ನೋಡಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ಹೇಳಿದಳು, 'ಆ ಜನ ಬಲೇ ಜಿಪುಣರು ಕಣ್ರೀ. ಎಪ್ಪತ್ತೈದರ ಮೇಲೆ ಯಾರಿಗೂ ಕೊಡಲ್ಲ. ಹೋಗಿ, ಕೊಲಾಚಿ ತರ್ಸಿ. ಗಸಗಸೆದು.' ನೀನು ಬಟ್ಟೆ ಅಲ್ಲೇ ಬಿಟ್ಟು ಕಾರಿನ ಕೀಲಿ ತೆಗೆದುಕೊಂಡೆ. ನಾನು ಗ್ಯಾರೇಜಿಗೆ ಓಡಿ ಚೆಂಡು ಉರುಳಿಸಿ ಪಿನ್ನು ಬೀಳಿಸುವ ನಮ್ಮ ಬೌಲಿಂಗ್ ತಂಡದವರಿಗೆಲ್ಲ ಫೋನು ಮಾಡಿದೆ. ಅವತ್ತು ಅವಳು ಅರ್ಧ ಕೊಲಾಚಿ ತಿಂದಳು. ವಾರದಿಂದ ನೀರು ಬಿಟ್ಟರೆ ಏನೂ ಇಳಿಯದವಳು ಅರ್ಧ ತಿಂದಳು, ನಾನು ನೋಡುತ್ತಿದ್ದೇನೆ ಎಂದು.

ಅಲ್ಲಿಂದ ಮುಂದಿನದು ಕೂಸು ಹುಟ್ಟುವ ಮುಂಚೆ ಕುಲಾವಿ. ಏಪ್ರಿಲ್‌ನಲ್ಲಿ ಅವಳನ್ನು ಮಣ್ಣಿಗೆ ಇಟ್ಟೆವು. ಪಾದ್ರಿ, 'ರೋಂಡಾ ಹೋದರೂ ಅವಳ ಕೆಲಸ ಮುಂದುವರಿಯುತ್ತೆ' ಎಂದರು. ಹಾಗೆ ಹೇಳಿ ಎಂದು ಅವರಿಗೆ ಹೇಳಿಕೊಟ್ಟವನೇ ನಾನು. ಅಂಗಡಿಯ ಬಾಗಿಲ ಮೇಲೆ ಹೊಸ ಬೋರ್ಡು ಬರೆಸಿದೆ, ಅವಳ ಹೆಸರು ದೊಡ್ಡದಾಗಿ. ಹಣ ಬಂದ ಮೇಲೆ ಒಬ್ಬ ಒಳ್ಳೆಯ ಇಂಜಿನಿಯರನ್ನು ಕರೆಯುವುದು, ಅಲಾರಂ ಮುಗಿಸುವುದು, ನೀನು ವ್ಯವಹಾರ ನೋಡಿಕೊಳ್ಳುವುದು, ಎಲ್ಲವನ್ನೂ ಬಸ್ಸು ಓಡಿಸುತ್ತಲೇ ಮನಸ್ಸಿನಲ್ಲಿ ಕಟ್ಟಿ ಮುಗಿಸಿದ್ದೆ. ಮೇ ಹೋಯಿತು, ಜುಲೈ ಹೋಯಿತು. ನೀನೂ ಹೋದೆ.

ಹೋದ ಮಂಗಳವಾರ ವಾಷಿಂಗ್ಟನ್ ಕಡೆಯ ಆ ಕಚೇರಿಗೆ ಫೋನು ಮಾಡಿದೆ. ಈ ಅನುದಾನ ನೋಡಿಕೊಳ್ಳುವ ಹೆಂಗಸು ಸಿಕ್ಕಳು. ಒಳ್ಳೆಯ ದನಿ. ರೋಂಡಾ ಹೋದಳು ಎಂದಾಗ ನಿಜವಾಗಿಯೂ ನೊಂದುಕೊಂಡಳು, ಎರಡು ಸಲ ಮಾತಾಡಿದ್ದೆ, ತುಂಬಾ ತಮಾಷೆ ಮನುಷ್ಯೆ ಎಂದಳು. ಅಲ್ಲಮ್ಮ, ಎಪ್ಪತ್ತೊಂದು ಬಂದಿದೆಯಲ್ಲ, ಹಣ ಯಾವಾಗ ಎಂದೆ. ಅವಳು ಮೆತ್ತಗೆ ಕೇಳಿದಳು, 'ಸರ್, ನೀವು ಗಾಲ್ಫ್ ಆಡ್ತೀರಾ?' ಇಲ್ಲಮ್ಮ, ನಾವು ಬೌಲಿಂಗ್ ಜನ ಎಂದೆ. 'ಅದಕ್ಕೇ ಸರ್. ನಮ್ಮ ಅಂಕ ಗಾಲ್ಫ್ ಇದ್ದ ಹಾಗೆ. ಕಡಿಮೆ ಬಂದಷ್ಟೂ ಒಳ್ಳೇದು. ಹತ್ತು ಅಂದ್ರೆ ಎಲ್ಲಕ್ಕಿಂತ ಮೇಲು, ತೊಂಬತ್ತು ಅಂದ್ರೆ ತೀರಾ ಕೆಳಗೆ.' ಎಪ್ಪತ್ತೊಂದಕ್ಕೆ ಯಾರೂ ಹಣ ಕೊಡುವುದಿಲ್ಲವಂತೆ. ತಿದ್ದಿ ಇನ್ನೊಂದು ಸಲ ಹಾಕಬಹುದಂತೆ, ಆದರೆ ಅದಕ್ಕೆ ಹೊಸ ಮುಖ್ಯಸ್ಥರು ಬೇಕು, ಪರೀಕ್ಷಕರ ಒಂದೊಂದು ಆಕ್ಷೇಪಕ್ಕೂ ಉತ್ತರ ಬೇಕು. ಉತ್ತರ ಗೊತ್ತಿದ್ದವಳು ಸ್ಮಶಾನದಲ್ಲಿದ್ದಾಳೆ. ನಾನು ಥ್ಯಾಂಕ್ಸ್ ಹೇಳಿ ಫೋನಿಟ್ಟೆ. ಮೂವತ್ತು ವರ್ಷ ಉರುಳಿದ ಪಿನ್ನು ಎಣಿಸಿದವನು, ಹೆಚ್ಚು ಬಿದ್ದಷ್ಟೂ ಒಳ್ಳೆಯದು ಎಂದು ಮೈಗೇ ಹತ್ತಿಹೋಗಿದೆ. ನಮ್ಮ ತಂಡದಲ್ಲಿ ಒಬ್ಬನಾದರೂ ಗಾಲ್ಫ್ ಆಡಿದ್ದರೆ ಆವತ್ತೇ ಹೇಳುತ್ತಿದ್ದ.

ನನಗೆ ಮೊದಲೇ ಹೊಳೆಯಬೇಕಿತ್ತು ಮರಿ. ಮೊದಲನೇ ಹಂತ ಸಿಕ್ಕಿದ ವರ್ಷ ಅವಳು ಬರಿಗಾಲಲ್ಲಿ ರಸ್ತೆಗೆ ಓಡಿ ಬಂದು ನನ್ನ ಬಸ್ಸು ತಡೆದು ನಿಲ್ಲಿಸಿ, 'ಇಪ್ಪತ್ನಾಲ್ಕು ಹಾರ್ಲನ್, ಇಪ್ಪತ್ನಾಲ್ಕು' ಎಂದು ಕಿಟಕಿ ಬಡಿದಿದ್ದಳು. ನನ್ನ ಬಸ್ಸಿನ ನಂಬರೂ ಇಪ್ಪತ್ನಾಲ್ಕೇ. ಹೌದಮ್ಮ, ಗೊತ್ತು ನನ್ನ ಬಸ್ಸು ಯಾವುದು ಅಂತ, ದಾರಿ ಬಿಡು ಎಂದೆ. ಒಳಗಿದ್ದ ಮಕ್ಕಳೆಲ್ಲ ನಕ್ಕವು. ಅದು ಅಂಕ ಎಂದು ನಾನು ಕೇಳಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಇಪ್ಪತ್ನಾಲ್ಕಕ್ಕೆ ಕುಣಿದವಳಿಗೆ ಎಪ್ಪತ್ತೊಂದು ಎಂದರೆ ಏನೆಂದು ಗೊತ್ತಿರಲಿಲ್ಲವೇ. ತನ್ನ ಕೆಲಸ ಅಲ್ಲಿಗೇ ನಿಂತುಹೋಯಿತು ಎಂದು ನನ್ನ ಬಾಯಿಂದ ಕೇಳಿದಳು, ಅದೂ ನಾನು ಹಲ್ಲು ಕಿರಿದುಕೊಂಡು ಹೇಳಿದಾಗ. ಅದಕ್ಕೂ ಒಂದು ಸುಳ್ಳು ಹೊಂದಿಸಿ ಕೊಟ್ಟಳು. ಸಾಯುವವಳಿಗೆ ನಾವು ಸುಳ್ಳು ಹೇಳುವುದು ಲೋಕದ ರೂಢಿ. ಇಲ್ಲಿ ಸಾಯುವವಳೇ ನನಗೆ ಹೇಳಿದಳು.

ಇವತ್ತು ಪ್ರಾರ್ಥನೆ ಮುಗಿಸಿಕೊಂಡು ಅಂಗಡಿಗೆ ಹೋಗಿ ಬೋರ್ಡು ಇಳಿಸಿದೆ. ಮೇಜು ಕುರ್ಚಿ ಚರ್ಚಿಗೆ ಕೊಡುತ್ತೇನೆ. ಅಲಾರಂ ಮಾತ್ರ ಮನೆಗೆ ತಂದಿದ್ದೇನೆ, ಅಡುಗೆಮನೆಯ ಮೇಜಿನ ಮೇಲಿದೆ. ಬೇರೆ ಯಾರಾದರೂ ಎಲ್ಲಾದರೂ ಇಂಥದ್ದನ್ನು ಮಾಡಿಯಾರು. ಅಲ್ಲಿಯವರೆಗೆ ರಾತ್ರಿ ಸೂಜಿ ಜಾರುವವರ ಪಕ್ಕ ಮಲಗಿದವರು ಎಚ್ಚರವಾಗಿರಲಿ, ಅಷ್ಟೇ.

ನೀನು ಹೊತ್ತಿಗೆ ಸರಿಯಾಗಿ ತಿನ್ನು, ಮಲಗು. ಮೇಲಿನವರು ಬೈದರೆ ಬೈಸಿಕೋ, ತಿರುಗಿ ಅನ್ನಬೇಡ. ಆ ನಾಲಿಗೆ ನಿನ್ನಮ್ಮನದು, ಅದು ಎಲ್ಲಿ ಬೇಕಾದರೂ ಜಗಳ ತರುತ್ತದೆ. ನಿನ್ನ ಹಡಗು ಯಾವ ನೀರಿಗೆ ಹೋದರೂ ನಿನ್ನನ್ನು ಒಣಗಿದ ಕಾಲಲ್ಲಿ ದಡಕ್ಕೆ ತಲುಪಿಸಲಿ. ದೇವರು ನಿನ್ನ ತಲೆ ಕಾಯಲಿ.

ನಿನ್ನ ಅಪ್ಪ,
ಹಾರ್ಲನ್ ಡೂಸೆಕ್

ತಾ.ಕ.: ಲಕೋಟೆ ಅಂಟಿಸುವಾಗ ಹೊಳೆಯಿತು, ಬೇಗ ಗೀಚುತ್ತಿದ್ದೇನೆ. ನಿನಗೂ ಗೊತ್ತಿತ್ತು, ಅಲ್ಲವೇ. ಅಮ್ಮನ ಜೊತೆ ಆ ಅರ್ಜಿಯನ್ನು ಬರೆದವಳು ನೀನು. ಕೊಲಾಚಿಯ ಬೇಕರಿ ನಾಲ್ಕೇ ಬೀದಿ ಆಚೆ, ಆದರೂ ಅವತ್ತು ನೀನು ಬರುವಾಗ ಕತ್ತಲಾಗಿತ್ತು, ಕಣ್ಣು ಊದಿತ್ತು. ಅಮ್ಮನ ಕಾಯಿಲೆಗೆ ಅತ್ತಿದ್ದೀಯ ಎಂದುಕೊಂಡೆ. ಹಣ ಬರುವುದಿಲ್ಲ ಎಂದು ಗೊತ್ತಿದ್ದೇ ನೀನು ನೌಕಾಪಡೆಗೆ ಸಹಿ ಹಾಕಿದ್ದು. ಅಂಗಡಿ ಬಿಟ್ಟು ಎಲ್ಲಿಗೆ ಓಡುತ್ತೀಯ ಎಂದು ನಾನು ಕೂಗಾಡಿದಾಗ, 'ನಂಗೆ ಸಮುದ್ರ ನೋಡ್ಬೇಕಪ್ಪ' ಎಂದೆ. ಸಮುದ್ರವೆಂದರೆ ಭಯ ನಿನಗೆ. ನಾನು ಬಸ್ ನಿಲ್ದಾಣದಲ್ಲಿ ಸರಿಯಾಗಿ ಮಾತಾಡದೆ ನಿನ್ನನ್ನು ಕಳಿಸಿದೆ. ಆ ಮಾತು ಎದುರಿಗೆ ಆಡುತ್ತೇನೆ, ಕಾಗದದಲ್ಲಿ ಬೇಡ. ಈಗ ಒಂದನ್ನು ಮಾತ್ರ ಬರಿ. ಅವತ್ತು ನಾನು ಗ್ಯಾರೇಜಿಗೆ ಓಡಿದಾಗ ನೀನು ಇನ್ನೂ ಕೋಟು ಹಾಕಿಕೊಳ್ಳುತ್ತಾ ಅವಳ ಹತ್ತಿರವೇ ಇದ್ದೆ. ಆಗ ನನ್ನ ಪೆದ್ದುತನಕ್ಕೆ ಅವಳು ನಕ್ಕಳಾ? ನಕ್ಕಿದ್ದರೆ ನಕ್ಕಳು ಎಂದು ಬರಿ. ಅತ್ತಿದ್ದರೂ, ನಕ್ಕಳು ಎಂದೇ ಬರಿ.