ಹಳದಿ ಬಿಲ್ಲೆ

ನಗರಸಭೆಯ ಪಶುವೈದ್ಯರಾದ ಡಾಕ್ಟರ್ ನೌಫಲ್ ಅವರಿಗೆ, ಬಂದರು ಬೀದಿಯಲ್ಲಿ ರೊಟ್ಟಿ ಸುಡುವ ಮಬ್ರೂಕಾಳ ಸಲಾಮು.

ನನ್ನ ಒಲೆಯ ಪಕ್ಕ ಮಲಗುವ ಬಿಳಿ ನಾಯಿಗೆ ಮೈಯೆಲ್ಲ ಹುಣ್ಣು. ಆ ಸ್ಥಿತಿಯಲ್ಲೇ ಮತ್ತೆ ಗಬ್ಬವಾಗಿದೆ. ನಿಮ್ಮ ಗಾಡಿಯವರು ಮೂರು ಸಲ ಬಂದು, "ಕಿವೀಲಿ ಹಳದಿ ಬಿಲ್ಲೆ ಇದೆಯಲ್ಲ ಖಾಲಾ, ಮರಿ ಆಗದ ಹಾಗೆ ಇದರ ಆಪರೇಷನ್ ಆಗೋಗಿದೆ. ಹೊಟ್ಟೆ ಊದಿದ್ರೆ ನೀವು ರೊಟ್ಟಿ ಹಾಕೋದು ಕಮ್ಮಿ ಮಾಡಿ" ಎಂದು ನಕ್ಕು ಹೋದರು.

ಆ ಬಿಲ್ಲೆ ಇದರದ್ದಲ್ಲ. ಹೋದ ವರ್ಷ ಬಿಲ್ಲೆಯಿಲ್ಲದ ನಾಯಿಗಳಿಗೆ ಗುಂಡು ಹೊಡೆಯುತ್ತಿದ್ದಾಗ, ಲಾರಿಗೆ ಸಿಕ್ಕಿ ಸತ್ತ ನಾಯಿಯದನ್ನು ಬಿಚ್ಚಿ ತಂದು ಇದರ ಕಿವಿಗೆ ನಾನೇ ಚುಚ್ಚಿದೆ. ತಪ್ಪು ನನ್ನದೇ.

ಈಗಲೇ ಕಿತ್ತುಬಿಡಬಹುದು. ಆದರೆ ನಿಮಗಿಂತ ಮೊದಲು ಬಂದೂಕಿನವರು ಬಂದರೆ?

ಬರುವ ದಿನ ತಿಳಿಸಿ. ನೀವು ಗಾಡಿಯಿಂದ ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಅದನ್ನು ಕೀಳುತ್ತೇನೆ.

ನಿಮ್ಮ ದಾರಿ ನೋಡುತ್ತಿರುವ,
ಮಬ್ರೂಕಾ