ಮೊಳೆಗೆ ತೂಗುಹಾಕಿದ ರೊಟ್ಟಿ

ಅಲ್ಮಾಟಿ, ಏಪ್ರಿಲ್ ೧೧

ಪ್ರೀತಿಯ ಬಲ್ಕಿಯಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಕಂದು ಒಂಟೆ ಮರಿ ಹಾಕಿತೇ? ಫೋನಿನಲ್ಲಿ ನಿನಗೆ ಕೇಳಿಸದು, ನನಗೆ ಗಂಟಲು ಇನ್ನೂ ಕರಕರ ಎನ್ನುತ್ತದೆ. ನಲವತ್ತಾರು ವರ್ಷ ಸಂಸಾರ ಮಾಡಿದ ನಾವಿಬ್ಬರು ಈಗ ಕಿರುಚಾಡಿ ವಾರ್ಡಿನವರನ್ನು ನಗಿಸುವುದು ಬೇಡವೆಂದು ಬರೆಯಲು ಕೂತೆ. ನನ್ನ ಜೊತೆಗಿದ್ದ ಮಗ ಸಾಬಿತ್ ಇವತ್ತೇ ರೈಲು ಹತ್ತುತ್ತಾನೆ, ಅವನ ಕೈಯಲ್ಲೇ ಕೊಡುತ್ತೇನೆ. ಸೊಸೆ ಗೋಡೆಗೆ ಸುಣ್ಣ ಬಳಿಯಬೇಕಂತೆ, ನಾನು ಹೊರಡುವಾಗ ಕಚ್ಚಿಟ್ಟ ರೊಟ್ಟಿಯನ್ನು ಮೊಳೆಯಿಂದ ಇಳಿಸಲೇ ಎಂದು ಕೇಳಿ ಕಳಿಸಿದ್ದೀಯಂತೆ. ಅದಕ್ಕೆ ಉತ್ತರ ಕೊನೆಗೆ ಬರೆಯುತ್ತೇನೆ.

ಸಾಬಿತ್ ನಿನಗೆ ಅರ್ಧ ಹೇಳಿ ಅರ್ಧ ನುಂಗಿದ್ದಾನೆ. ಅನ್ನನಾಳದಲ್ಲಿ ಗಡ್ಡೆಯಿದ್ದ ಭಾಗವನ್ನು ಕತ್ತರಿಸಿ, ಹೊಟ್ಟೆಯನ್ನು ಮೇಲಕ್ಕೆಳೆದು ಹೊಲಿದರು. ಏಳನೆಯ ದಿನ ಜ್ವರ ಬಂತು. ಹೊಲಿದ ಕಡೆ ಬಿಟ್ಟುಕೊಂಡು, ಒಳಗಿನದು ಎದೆಯೊಳಕ್ಕೆ ಸೋರುತ್ತಿತ್ತು. ಇಲ್ಲಿ ಡಾಕ್ಟರ್ ಅಕ್ಮಾರಲ್ ಎಂಬ ಹುಡುಗಿಯಿದ್ದಾಳೆ. ನೋಡಿದರೆ ನಮ್ಮ ಹಿರಿ ಮೊಮ್ಮಗಳ ವಯಸ್ಸು ಅನ್ನಿಸುತ್ತದೆ, ಗದರುವುದು ಥೇಟ್ ನಿನ್ನಮ್ಮನ ಹಾಗೆ. "ತಾತ, ಮತ್ತೆ ಎದೆ ಕೊಯ್ದರೆ ನಿಮ್ಮ ಮೈ ತಡೆಯಲ್ಲ. ಬಾಯಿಂದಲೇ ಇಳಿದು ನೋಡ್ತೀನಿ. ತೂತು ಮುಚ್ಚಿಕೊಂಡ್ರೆ ನೀವು ಗೆದ್ರಿ, ಇಲ್ಲ ಅಂದ್ರೆ ಕಷ್ಟ" ಎಂದಳು. ಆಗ ನನಗೆ ನಿಜವಾಗಿ ಭಯವಾಯಿತು. ನಿನ್ನನ್ನು ಇನ್ನು ನೋಡುವುದಿಲ್ಲವೇನೋ ಅನ್ನಿಸಿತು.

ನನ್ನನ್ನು ಮಲಗಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಬಾಯೊಳಗಿಂದ ಇಳಿಸಿದಳು. ತೂತಿನಾಚೆ ಕೀವು ನಿಂತಿದ್ದ ಗುಂಡಿಯಲ್ಲಿ ಒಂದು ಸಣ್ಣ ಸ್ಪಂಜು ಕೂರಿಸಿದಳು. ಅದರ ನಳಿಕೆ ಮೂಗಿನಿಂದ ಹೊರಬಂದು ಹಾಸಿಗೆ ಪಕ್ಕದ ಯಂತ್ರಕ್ಕೆ ಸೇರುತ್ತದೆ. ಯಂತ್ರ ಹಗಲೂ ರಾತ್ರಿ ಹೀರುತ್ತಿರುತ್ತದೆ, ಗುಂಡಿ ಒಣಗುತ್ತಾ ಕುಗ್ಗುತ್ತಾ ಬರುತ್ತದೆ. ಪಕ್ಕದ ಹಾಸಿಗೆಯ ಕೆನೆಸ್, "ಯೆಸಿರ್ಕೆಪಣ್ಣ, ನಿಮ್ಗೂ ಮೂಗುದಾರ ಬಿತ್ತಲ್ಲ! ಒಂಟೆಗಳು ನೋಡಿದ್ರೆ ಹೊಟ್ಟೆ ತುಂಬ ನಗ್ತವೆ" ಎಂದ. ನಗಲು ಹೋಗಿ ಮೂಗು ಉರಿಯಿತು. ಐವತ್ತು ವರ್ಷ ಒಂಟೆಗಳ ಮೂಗು ಚುಚ್ಚಿದವನಿಗೆ ಇದಾದರೂ ಆಗಬೇಕಿತ್ತು.

ಮೊದಲ ಸಲ ಇಳಿದಾಗ ಆ ತೂತಿನಲ್ಲಿ ರೊಟ್ಟಿಯ ಚೂರೊಂದು ಕೂತಿತ್ತಂತೆ. ಅವಳೇ ಹೆಕ್ಕಿ ತೆಗೆದಳು. "ಯಾರು ಕೊಟ್ರು ಇದನ್ನ? ಒಂದು ಹನಿ ನೀರೂ ಬೇಡ ಅಂದಿರಲಿಲ್ವಾ?" ಎಂದು ವಾರ್ಡಿನ ನರ್ಸುಗಳನ್ನೆಲ್ಲ ನಿಲ್ಲಿಸಿ ಕೇಳಿದಳು. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಮೂರು ನಾಲ್ಕು ದಿನಕ್ಕೊಮ್ಮೆ ಸ್ಪಂಜು ಬದಲಾಯಿಸಿದರು, ಒಟ್ಟು ಐದು ಸಲ. ಅಷ್ಟು ದಿನ ಊಟವೆಲ್ಲ ಇನ್ನೊಂದು ನಳಿಕೆಯಲ್ಲಿ ನೇರ ಕರುಳಿಗೆ. ಕೆನೆಸನ ಹೆಂಡತಿ ಕುರಿಮಾಂಸದ ಸಾರಿನ ಮುಚ್ಚಳ ತೆಗೆದಾಗಲೆಲ್ಲ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಕುದಿಯುವ ಚಹಾ ಅನ್ನನಾಳಕ್ಕೆ ಒಳ್ಳೆಯದಲ್ಲವಂತೆ. ತುಟಿ ಸುಡದ ಚಹಾ ಕೊಡುವವಳು ಸೊಸೆಯೇ ಅಲ್ಲ ಎಂದು ನನ್ನಮ್ಮ ಹೇಳುತ್ತಿದ್ದಳು, ನೀನು ಪಾಪ ನಂಬಿದೆ. ಆರುವ ತನಕ ಕಾಯದೆ ಕುಡಿದವನು ನಾನು. ಇನ್ನು ಮೇಲೆ ಬಟ್ಟಲಿಗೆ ಸುರಿದಿಟ್ಟು, ಊರ ಸುದ್ದಿಯೆಲ್ಲ ಹೇಳಿ ಮುಗಿಸಿ ಆಮೇಲೆ ಕೊಡು.

ಮೊನ್ನೆ ಕೊನೆಯ ಸ್ಪಂಜು ತೆಗೆದು, ಬಣ್ಣದ ನೀರು ಕುಡಿಸಿ ನೋಡಿದರು. ಎಲ್ಲೂ ಸೋರಲಿಲ್ಲ. ಹತ್ತು ದಿನದಲ್ಲಿ ಊರಿಗೆ ಬಿಡುತ್ತಾರೆ.

ಮಕ್ಕಳು ಮೊಮ್ಮಕ್ಕಳ ಹಣೆಗೆ ನನ್ನ ಮುತ್ತು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಒಲೆ ಬೆಚ್ಚಗಿರಲಿ.

ನಿನ್ನ ಮುದುಕ,
ಯೆಸಿರ್ಕೆಪ್

ಮರೆತ ಮಾತು: ಸಾಬಿತ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಇದನ್ನು ನೀನೊಬ್ಬಳೇ ಓದು. ಹೊರಡುವ ದಿನ ಹೊಸ್ತಿಲಲ್ಲಿ ರೊಟ್ಟಿ ಹಿಡಿದು, "ಕಚ್ಚಿ ಹೋಗಿ, ಉಳಿದಿದ್ದು ನಿಮ್ಮನ್ನ ಎಳ್ಕೊಂಡು ಬರತ್ತೆ" ಎಂದೆಯಲ್ಲ. ಕಚ್ಚಿದೆ, ಆದರೆ ನುಂಗಲಿಲ್ಲ. ಆಗಲೇ ರೊಟ್ಟಿ ಇಳಿಯುತ್ತಿರಲಿಲ್ಲ, ನಿನಗೆ ಹೇಳಿರಲಿಲ್ಲ. ಮುಖ ತಿರುಗಿಸಿ ಕರವಸ್ತ್ರಕ್ಕೆ ಉಗಿದು ಜೇಬಿಗೆ ಹಾಕಿಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ನನ್ನದು ಬಾಯಿಗೆ ಬಂದೂ ಇಳಿಯಲಿಲ್ಲ. ನುಂಗದವನನ್ನು ಆ ರೊಟ್ಟಿ ಹೇಗೆ ಕರೆದೀತು? ಅದೇ ಹೆದರಿಕೆಗೆ ಜ್ವರದ ಹಿಂದಿನ ಸಂಜೆ ಕರವಸ್ತ್ರದ ಆ ತುತ್ತಿನಲ್ಲಿ ಅರ್ಧವನ್ನು ಕದ್ದು ನುಂಗಿದೆ. ಡಾಕ್ಟರಿಗೆ ಸಿಕ್ಕಿದ್ದು ಅದೇ ಚೂರು. ಇವತ್ತು ಉಳಿದರ್ಧವನ್ನು ಅಕ್ಮಾರಲ್ ಮುಂದಿಟ್ಟು ಎಲ್ಲ ಒಪ್ಪಿಕೊಂಡೆ. ಹೊಲಿಗೆ ಬಿಟ್ಟಿದ್ದು ರೊಟ್ಟಿಯಿಂದಲ್ಲವಂತೆ, ಆದರೂ ಬಾಯಿ ನೋಯುವಷ್ಟು ಬೈದಳು. ಆಮೇಲೆ ತಾನೇ ಬಟ್ಟಲು ತಂದು, ಆರಿದ ಚಹಾದಲ್ಲಿ ಅದನ್ನು ಗಂಜಿಯಾಗುವ ತನಕ ನೆನೆಸಿ, "ನಿಧಾನ, ತಾತ" ಎಂದು ಚಮಚ ಹಿಡಿದಳು. ಇಳಿಯಿತು, ಬಲ್ಕಿಯಾ. ಸೊಸೆಗೆ ಹೇಳು, ಆ ಮೊಳೆಯ ಸುತ್ತ ಬಿಟ್ಟು ಸುಣ್ಣ ಬಳಿಯಲಿ. ರೊಟ್ಟಿ ಇಳಿಸುವವನು ನಾನೇ.